ಹೋಟೆಲು ಹಿಡಿಯುವ ಮುನ್ನ ಕಾಗದ ಓದಿ

(ಪುಣೆಯಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ಹಾಡಿಲ್ಲ, ನಾಟಕವಿಲ್ಲ, ಬರಿಯ ಕಾಗದಪತ್ರದ ಮಾತು ಎಂದು ತಿಳಿದೂ ನೀವು ಇಷ್ಟು ಮಂದಿ ಬಂದಿರುವಿರಿ. ನಿಮ್ಮಲ್ಲಿ ಕೆಲವರು ರಾತ್ರಿ ಪಾಳಿಗೆ ಹೋಗಬೇಕು. ಕೆಲವರು ಮುಂಜಾನೆ ನಾಲ್ಕಕ್ಕೆ ಎದ್ದು ಇಡ್ಲಿ ಪಾತ್ರೆ ಏರಿಸಬೇಕು. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ನಮ್ಮ ಹುಡುಗರ ಆಸೆ ಏನೆಂಬುದು ಎಲ್ಲರಿಗೂ ಗೊತ್ತಿದೆ. ಮಾಣಿಯಾಗಿ ಬಂದವನು ಸಪ್ಲೈಯರ್ ಆಗಬೇಕು. ಸಪ್ಲೈಯರ್ ಆದವನು ಗಲ್ಲೆಯಲ್ಲಿ ಕೂರಬೇಕು. ಗಲ್ಲೆಯಲ್ಲಿ ಕೂತವನು ಒಂದು ದಿನ ಸ್ವಂತ ಹೋಟೆಲು ಹಿಡಿಯಬೇಕು. ಇದು ತಪ್ಪಾದ ಆಸೆಯಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರು ಕೂಡ ಹುಡುಗನಾಗಿ ಊರು ಬಿಟ್ಟು ಬಂದವರೇ. ಗಿರಣಿಯ ಅಣ್ಣತಮ್ಮಂದಿರ ಆಸೆಯೂ ಬೇರೆಯಲ್ಲ. ಗಿರಣಿ ಮುಚ್ಚಿದಾಗ ಕೈಗೆ ಬಂದ ಹಣದಲ್ಲಿ ಒಂದು ಚಹದಂಗಡಿ ಇಡೋಣ, ಊರಾಚೆ ಒಂದು ಗುಂಠೆ ಜಾಗ ಹಿಡಿಯೋಣ ಎಂದು ಎಷ್ಟು ಮಂದಿ ಎಣಿಸಿಲ್ಲ?

ಆದರೆ ಒಂದು ಮಾತು. ನಾವು ಸಾಂಬಾರಿಗೆ ಉಪ್ಪು ಹಾಕುವಾಗ ತೋರಿಸುವ ಜಾಗರೂಕತೆಯ ಕಾಲುಭಾಗವನ್ನೂ ಕಾಗದಕ್ಕೆ ಸಹಿ ಹಾಕುವಾಗ ತೋರಿಸುವುದಿಲ್ಲ. ಇದನ್ನು ನಿಮ್ಮನ್ನು ಹಳಿಯಲು ಹೇಳುವುದಲ್ಲ. ನಮ್ಮ ಅನುಭವದಿಂದಲೇ ಹೇಳುತ್ತೇವೆ.

ನಾವು ಮೂವರು. ಒಂದೇ ಊರಿನವರು, ಒಂದೇ ಹೋಟೆಲಿನ ಅಟ್ಟದ ಮೇಲೆ ಮಲಗಿ ಬೆಳೆದವರು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿಯ ಒಂದು ಪೇಠೆಯಲ್ಲಿ, ಹಳೆಯ ವಾಡೆಯ ಕೆಳ ಅಂತಸ್ತಿನಲ್ಲಿದ್ದ ಹೋಟೆಲನ್ನು ಕಂಡಕ್ಟಿಂಗ್ ಮೇಲೆ ಹಿಡಿದೆವು. ಐದು ಲಕ್ಷ ರೂಪಾಯಿ ಠೇವಣಿ. ದಿನಕ್ಕೆ ಇಷ್ಟೆಂದು ಧಣಿಗಳಿಗೆ ರಾಯಲ್ಟಿ. ಒಬ್ಬನು ಊರಿನ ಗದ್ದೆ ಅಡವಿಟ್ಟ; ಒಬ್ಬನು ಹೆಂಡತಿಯ ಬಳೆ ಮಾರಿದ; ಮತ್ತೊಬ್ಬನು ಹದಿನೈದು ವರ್ಷದ ಗಂಟು ಬಿಚ್ಚಿದ. ಕರಾರು ಹನ್ನೊಂದು ತಿಂಗಳದ್ದು, ಮರಾಠಿಯಲ್ಲಿ ಬರೆದದ್ದು. ನಮ್ಮಲ್ಲಿ ಒಬ್ಬರಿಗೂ ಪೂರ್ತಿ ಓದಲು ಬಾರದು. ಧಣಿಗಳು ನಮ್ಮ ಸೀಮೆಯವರು. “ನೀವು ಮೂವರೂ ನನ್ನ ಮಕ್ಕಳ ಹಾಗೆ, ಕಾಗದ ಬರಿಯ ಲೆಕ್ಕಕ್ಕೆ” ಎಂದರು. ಮಕ್ಕಳಾದವರು ತಂದೆಯ ಕಾಗದ ಓದುವುದುಂಟೆ? ಸಹಿ ಹಾಕಿದೆವು.

ವ್ಯಾಪಾರ ಚೆನ್ನಾಗಿ ನಡೆಯಿತು. ಅಡಿಗೆಮನೆಗೆ ಹೊಸ ಭಟ್ಟಿ, ಹೊಸ ನೀರಿನ ಟಾಕಿ, ಹೊಸ ಮೇಜುಕುರ್ಚಿ ಎಲ್ಲವನ್ನೂ ನಮ್ಮ ದುಡ್ಡಿನಿಂದಲೇ ಹಾಕಿದೆವು. ಹನ್ನೊಂದು ತಿಂಗಳು ಕಳೆದಾಗಲೆಲ್ಲ ಹೊಸ ಸಹಿ. ಐದನೆಯ ವರ್ಷ ಒಂದು ದಿನ ಕೋರ್ಟಿನ ಬೇಲಿಫರು ಬಂದರು. ಆಗಲೇ ನಮಗೆ ಒಂದು ಸಂಗತಿ ತಿಳಿದುದು: ನಮ್ಮ ಧಣಿಗಳು ಜಾಗದ ಮಾಲಕರಲ್ಲ, ವಾಡೆಯ ಹಳೆಯ ಬಾಡಿಗೆದಾರರು. ವಾಡೆಯ ಮಾಲಕರು, “ನಮ್ಮನ್ನು ಕೇಳದೆ ಜಾಗವನ್ನು ಮೂರನೆಯವರಿಗೆ ಒಳಬಾಡಿಗೆಗೆ ಕೊಟ್ಟಿದ್ದಾರೆ, ತೆರವು ಮಾಡಿಸಬೇಕು” ಎಂದು ದಾವೆ ಹಾಕಿದ್ದರು. ಆ ಮೂರನೆಯವರು ಎಂದರೆ ನಾವು.

ಧಣಿಗಳು ನಮ್ಮನ್ನು ಕೂರಿಸಿಕೊಂಡು ಹೇಳಿದರು: “ನೀವು ನನ್ನ ಸಂಬಳದ ಆಳುಗಳು ಎಂದು ಕೋರ್ಟಿನಲ್ಲಿ ಹೇಳಿ. ಹೋಟೆಲು ಉಳಿದರೆ ನನಗೂ ಉಳಿಯಿತು, ನಿಮಗೂ ಉಳಿಯಿತು.” ಅನ್ನ ಕೊಟ್ಟವರು, ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಇಬ್ಬರು ಕಟಕಟೆಯಲ್ಲಿ ನಿಂತು ಪ್ರಮಾಣಮಾಡಿ, ನಾವು ಸಂಬಳದವರು ಎಂದು ಹೇಳಿದೆವು. ಧಣಿಗಳು ಗೆದ್ದರು. ಮರುವರ್ಷ ಹೋಟೆಲನ್ನು ಹೆಚ್ಚಿನ ರಾಯಲ್ಟಿಗೆ ಬೇರೆಯವರಿಗೆ ಕೊಡಲು ನಿಶ್ಚಯಿಸಿ ನಮ್ಮನ್ನು ಹೊರಡಿ ಎಂದರು. ಠೇವಣಿ ಕೇಳಿದೆವು. “ಸಂಬಳದ ಆಳು ಠೇವಣಿ ಕೊಡುವುದು ಎಲ್ಲಿಯಾದರೂ ಉಂಟೆ? ಪ್ರಮಾಣಮಾಡಿ ನೀವೇ ಹೇಳಿದ್ದೀರಿ” ಎಂದು ನಮ್ಮ ಹೇಳಿಕೆಯ ನಕಲನ್ನೇ ನಮ್ಮ ಮುಂದೆ ಇಟ್ಟರು. ಠೇವಣಿಗೆ ರಸೀದಿ ಇರಲಿಲ್ಲ. ಬಳೆ ಮರಳಲಿಲ್ಲ.

ಅವರನ್ನು ದೂರಲು ಈ ಕಥೆ ಹೇಳಿದ್ದಲ್ಲ. ಕಾನೂನು ತಿಳಿಯದ್ದು ನಮ್ಮ ಮೊದಲನೆಯ ತಪ್ಪು. ಸುಳ್ಳು ಪ್ರಮಾಣ ಎರಡನೆಯದು; ಅದು ಮೊದಲನೆಯದಕ್ಕಿಂತ ದೊಡ್ಡದು. ಆ ಬಳಿಕ ಏನೇನು ಕೇಳಿ ತಿಳಿದೆವೋ ಅದನ್ನು ನಿಮ್ಮ ಮುಂದಿಡುತ್ತೇವೆ.

ಜಾಗ ಹಿಡಿಯುವ ಕಾಗದ ಮೂರು ಬಗೆ.

ಮೊದಲನೆಯದು ಬಾಡಿಗೆ. ಇದರಲ್ಲಿ ಜಾಗದ ಮೇಲೆ ನಿಮಗೊಂದು ಹಕ್ಕು ಹುಟ್ಟುತ್ತದೆ. ಮಹಾರಾಷ್ಟ್ರದಲ್ಲಿ 1947ರ ಮುಂಬಯಿ ಬಾಡಿಗೆ ಕಾನೂನು ಐವತ್ತು ವರ್ಷಕ್ಕೂ ಮೇಲೆ ನಡೆದು, ಅದರ ಸ್ಥಾನದಲ್ಲಿ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ಬಂದಿತು. ಅದು 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅಂಗಡಿ, ಹೋಟೆಲುಗಳ ಬಾಡಿಗೆದಾರನಿಗೂ ಇದರ ರಕ್ಷಣೆ ಉಂಟು. ಒಂದು ಕೋಟಿ ಅಥವಾ ಅದಕ್ಕೂ ಹೆಚ್ಚು ಪಾವತಿಯಾದ ಬಂಡವಾಳವಿರುವ ಕಂಪನಿಗಳಿಗೆ ಇಲ್ಲ. ನಮಗೆ ಆ ಚಿಂತೆ ಬೇಡ.

ಎರಡನೆಯದು ಲೀವ್ ಅಂಡ್ ಲೈಸೆನ್ಸ್. ಇದು ಬರಿಯ ಪರವಾನಗಿ. ಅವಧಿ ಮುಗಿದೊಡನೆ ಎದ್ದು ಹೋಗಬೇಕು. 1973ರ ಫೆಬ್ರವರಿ 1ರಂದು ಹೀಗೆ ಲೈಸೆನ್ಸಿನ ಮೇಲೆ ಕೂತಿದ್ದವರನ್ನು ಸರಕಾರವು ತಿದ್ದುಪಡಿ ತಂದು ಬಾಡಿಗೆದಾರರೆಂದೇ ಮಾಡಿತು. ಪೇಠೆಗಳಲ್ಲಿ ಅನೇಕ ಹಳೆಯ ಅಂಗಡಿಗಳು ಉಳಿದುದು ಹೀಗೆ. ಆದರೆ ಆ ಬಾಗಿಲು ಆ ದಿನಕ್ಕೇ ಮುಚ್ಚಿತು. ಅದನ್ನು ನಂಬಿ ಇಂದು ಯಾರೂ ಕೂರಬಾರದು.

ಮೂರನೆಯದು ಕಂಡಕ್ಟಿಂಗ್. ಇಲ್ಲಿ ನಿಮಗೆ ಕೊಡುವುದು ಜಾಗವನ್ನಲ್ಲ, ನಡೆಯುತ್ತಿರುವ ವ್ಯಾಪಾರವನ್ನು. ಬೋರ್ಡು ಅವರದು, ಲೈಸೆನ್ಸು ಅವರದು, ವಿದ್ಯುತ್ ಮೀಟರು ಅವರದು. ಬೆವರು ಮಾತ್ರ ನಿಮ್ಮದು. ಮಾಲಕನ ನಡೆಯುವ ವ್ಯಾಪಾರವನ್ನು ನಡೆಸಿಕೊಡುವವನು ಲೈಸೆನ್ಸೀ ಅಲ್ಲ ಎಂದು ಬಾಡಿಗೆ ಕಾನೂನಿನ ವ್ಯಾಖ್ಯೆಯಲ್ಲೇ ಬರೆದಿದೆ. 1973ರ ತಿದ್ದುಪಡಿ ಬಂದಾಗಲೂ ಕಂಡಕ್ಟರ್‌ನನ್ನು ಹೊರಗೇ ಇಟ್ಟರು. ಅಂದರೆ ಮೂವರಲ್ಲಿ ಅತ್ಯಂತ ಬಲಹೀನನು ಇವನೇ. ನಮ್ಮವರಲ್ಲಿ ಹೆಚ್ಚಿನವರು ಹಿಡಿಯುವುದೂ ಇದನ್ನೇ, ಏಕೆಂದರೆ ಪಗಡಿ ಕೊಡುವಷ್ಟು ದುಡ್ಡು ನಮ್ಮಲ್ಲಿಲ್ಲ.

ಹಾಗಾದರೆ ಕಾಗದದ ತಲೆಯ ಮೇಲೆ ಬರೆದ ಹೆಸರೇ ಕೊನೆಯ ಮಾತೆ? ಅಲ್ಲ. ದಿಲ್ಲಿಯ ಇಂಪೀರಿಯಲ್ ಹೋಟೆಲಿನ ಎರಡು ಕೋಣೆಗಳಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದವರ ಮೊಕದ್ದಮೆಯೊಂದು ಸುಪ್ರೀಂ ಕೋರ್ಟಿಗೆ ಹೋಗಿ 1959ರಲ್ಲಿ ತೀರ್ಪಾಯಿತು. ಕಾಗದಕ್ಕೆ ಏನೆಂದು ಹೆಸರಿಟ್ಟಿದ್ದೀರಿ ಎಂಬುದಕ್ಕಿಂತ ಅದರ ಒಳತಿರುಳು ಏನು, ಜಾಗದ ಪೂರ್ಣ ಸ್ವಾಧೀನ ಯಾರ ಕೈಗೆ ಬಂತು, ಇಬ್ಬರ ಉದ್ದೇಶ ಏನಿತ್ತು ಎಂಬುದನ್ನು ನೋಡಬೇಕು ಎಂಬ ಸೂತ್ರ ಅಲ್ಲಿಂದ ನಿಂತಿತು. ಖಾಲಿ ಜಾಗವನ್ನು ಕೊಟ್ಟು, ಪಾತ್ರೆಪಡಗ, ಲೈಸೆನ್ಸು ಎಲ್ಲವನ್ನೂ ನೀವೇ ಮಾಡಿಕೊಂಡಿದ್ದರೆ, ಮೇಲೆ ಕಂಡಕ್ಟಿಂಗ್ ಎಂದು ಬರೆದಿದ್ದರೂ ವಾದಿಸಲು ದಾರಿಯುಂಟು. ಆದರೆ ವಾದಿಸಲು ರುಜುವಾತು ಬೇಕು. ಭಟ್ಟಿ ಕೊಂಡ ಬಿಲ್ಲು, ಬ್ಯಾಂಕಿನ ಮೂಲಕ ಕೊಟ್ಟ ಹಣ, ನಿಮ್ಮ ಹೆಸರಿನ ಆಹಾರ ಲೈಸೆನ್ಸು ಇವೇ ನಾಳೆ ನಿಮ್ಮ ಸಾಕ್ಷಿಗಳು. ನಾವು ಭಟ್ಟಿಯ ಬಿಲ್ಲನ್ನು ವಡೆಯ ಎಣ್ಣೆ ಒರೆಸಲು ಬಳಸಿದೆವು!

ಇನ್ನು ಬಾಡಿಗೆದಾರನ ಹಕ್ಕುಗಳಲ್ಲಿ ನೆನಪಿಡಬೇಕಾದ ಕೆಲವನ್ನು ಹೇಳುತ್ತೇವೆ.

ಬಾಡಿಗೆ ಕೊಟ್ಟಾಗ ರಸೀದಿ ಕೊಡುವುದು ಮಾಲಕನ ಕರ್ತವ್ಯ, ಕೊಡದಿರುವುದು ಅಪರಾಧ. 2000ದ ಬಳಿಕ ಬಾಡಿಗೆ ಇರಲಿ, ಲೈಸೆನ್ಸ್ ಇರಲಿ, ಕರಾರು ಬರವಣಿಗೆಯಲ್ಲಿರಬೇಕು ಮತ್ತು ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲಕನದು. ಆತ ಮಾಡಿಸದಿದ್ದರೆ, ಬೇರೆ ರುಜುವಾತು ಬರುವವರೆಗೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ ಮಾತೇ ನಿಲ್ಲುತ್ತದೆ. ಹನ್ನೊಂದು ತಿಂಗಳಿಗೆ ನೋಂದಣಿ ಬೇಡ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ನೋಟರಿಯ ಮುದ್ರೆ ನೋಂದಣಿಯಲ್ಲ ಎಂಬುದನ್ನೂ ಮರೆಯಬೇಡಿ.

ಬಾಡಿಗೆ ಬಾಕಿಯಾದರೆ ಮರುದಿನವೇ ಹೊರಹಾಕುವಂತಿಲ್ಲ. ಲಿಖಿತ ನೋಟೀಸು ಕೊಟ್ಟು ತೊಂಬತ್ತು ದಿನ ಕಾಯಬೇಕು. ದಾವೆ ಹಾಕಿದ ಮೇಲೂ, ಸಮನ್ಸು ತಲಪಿದ ತೊಂಬತ್ತು ದಿನದೊಳಗೆ ಬಾಕಿಯನ್ನು ನೂರಕ್ಕೆ ಹದಿನೈದರ ಬಡ್ಡಿ ಮತ್ತು ಖರ್ಚಿನೊಡನೆ ಕೋರ್ಟಿನಲ್ಲಿ ಕಟ್ಟಿ, ಮುಂದೆ ತಪ್ಪದೆ ಕಟ್ಟುತ್ತ ಹೋದರೆ ಜಾಗ ಉಳಿಯುತ್ತದೆ. ಸಮನ್ಸು ಮರಾಠಿಯಲ್ಲಿದೆ, ಓದಲು ಬಾರದು ಎಂದು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟವರನ್ನು ನಾವು ಕಂಡಿದ್ದೇವೆ. ಆ ತೊಂಬತ್ತು ದಿನ ಪಟದ ಹಿಂದೆಯೇ ಕಳೆದುಹೋದವು.

ಕಳೆದುಕೊಳ್ಳುವ ದಾರಿಗಳೂ ಉಂಟು: ಒಪ್ಪಿಗೆಯಿಲ್ಲದೆ ಒಳಬಾಡಿಗೆ ಕೊಡುವುದು, ಬರೆದ ಒಪ್ಪಿಗೆಯಿಲ್ಲದೆ ಪಕ್ಕಾ ಕಟ್ಟಡ ಎಬ್ಬಿಸುವುದು, ಸರಿಯಾದ ಕಾರಣವಿಲ್ಲದೆ ಆರು ತಿಂಗಳು ಅಂಗಡಿ ಮುಚ್ಚಿಡುವುದು. ಕಡೆಯದನ್ನು ಮೇ ತಿಂಗಳಿಗೆ ಊರಿಗೆ ಹೋಗಿ ದೀಪಾವಳಿಯವರೆಗೆ ಬಾರದವರು ಗಮನಿಸಬೇಕು.

ಒಂದು ವೇಳೆ ಮಾಲಕನು ಕೋರ್ಟಿಗೆ ಹೋಗದೆ ರಾತ್ರಿಯಲ್ಲಿ ಬೀಗ ಜಡಿದರೆ? 1963ರ ನಿರ್ದಿಷ್ಟ ಪರಿಹಾರ ಕಾನೂನಿನ ಆರನೆಯ ಕಲಮಿನ ಪ್ರಕಾರ, ಕಾನೂನಿನ ಕ್ರಮ ಬಿಟ್ಟು ಸ್ವಾಧೀನ ತಪ್ಪಿಸಿದರೆ ಆರು ತಿಂಗಳೊಳಗೆ ದಾವೆ ಹಾಕಿ ಜಾಗ ಮರಳಿ ಪಡೆಯಬಹುದು. ಆದರೆ ಸ್ವಾಧೀನ ಮಾಲಕನದೇ ಎಂದು ಸಹಿ ಹಾಕಿಕೊಟ್ಟ ಕಂಡಕ್ಟರ್‌ಗೆ ಈ ದಾರಿ ಬಲು ಇಕ್ಕಟ್ಟು. ಆ ಒಂದು ಸಾಲು ಎಷ್ಟು ಬೆಲೆಯದೆಂದು ಈಗ ತಿಳಿಯಿತಲ್ಲವೆ?

ಪುಣೆಯಲ್ಲಿ ಇನ್ನೊಂದು ಭಯ ಹಳೆಯ ವಾಡೆಗಳದು. ಒಂದೊಂದಾಗಿ ಬೀಳುತ್ತಿವೆ, ಕೆಡವಿ ಮಾಳಿಗೆಗಳಾಗುತ್ತಿವೆ. ಕಟ್ಟಡ ಹೋಯಿತು, ಬಾಡಿಗೆಯ ಹಕ್ಕೂ ಹೋಯಿತು ಎಂದು ಹೆದರಿಸುವವರಿದ್ದಾರೆ. 2014ರಲ್ಲಿ ಸುಪ್ರೀಂ ಕೋರ್ಟು, ಶಹಾ ರತನ್‌ಸಿ ಖೀಮ್‌ಜಿ ಮತ್ತು ಕುಂಭಾರ್ ಸನ್ಸ್ ಹೋಟೆಲು ಇವರ ನಡುವಿನ ಮೊಕದ್ದಮೆಯಲ್ಲಿ, ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆದಾರಿಕೆ ಅಳಿಯುವುದಿಲ್ಲ, ನೆಲ ಉಳಿದಿದೆ ಎಂದು ಹೇಳಿತು. ಆದುದರಿಂದ ವಾಡೆ ಕೆಡವುವ ಮುನ್ನವೇ ನಿಮ್ಮ ಜಾಗದ ಅಳತೆ ಎಷ್ಟು, ಹೊಸ ಕಟ್ಟಡದಲ್ಲಿ ಎಷ್ಟು, ಯಾವ ಅಂತಸ್ತಿನಲ್ಲಿ, ಎಷ್ಟು ದಿನಕ್ಕೆ ಎಂಬುದನ್ನು ಬರೆಸಿ ನೋಂದಾಯಿಸಿಕೊಳ್ಳಿ. ಬಾಯಿಮಾತಿನ ಅಂಗಡಿ ಯಾವ ಅಂತಸ್ತಿನಲ್ಲಿಯೂ ಇರುವುದಿಲ್ಲ.

ಜಾಗದ ಕಾಗದ ಸರಿಯಿದ್ದರೂ ಜಾಗದ ಉಪಯೋಗ ಸರಿಯಿದೆಯೆ ಎಂಬುದು ಬೇರೆ ಪ್ರಶ್ನೆ. 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾನೂನಿನ ಪ್ರಕಾರ, ಇದ್ದ ಉಪಯೋಗವನ್ನು ಬದಲಿಸುವುದೂ ಹೊಸದಾಗಿ ಕಟ್ಟಿದಂತೆಯೇ, ಅನುಮತಿ ಬೇಕು. ಮನೆಯೆಂದು ಮಂಜೂರಾದ ಕೋಣೆಯಲ್ಲಿ ಖಾನಾವಳಿ ತೆರೆದರೆ, ವಾಹನ ನಿಲ್ಲಿಸಲು ಬಿಟ್ಟ ಜಾಗದಲ್ಲಿ ಮೇಜು ಹಾಕಿದರೆ, ಕಟ್ಟಡದ ಸುತ್ತ ಬಿಟ್ಟ ಅಂಚಿಗೆ ತಗಡು ಹೊದಿಸಿ ಅಡಿಗೆಮನೆ ಮಾಡಿದರೆ, ಮಹಾನಗರಪಾಲಿಕೆಯವರು ನೋಟೀಸು ಕೊಡುತ್ತಾರೆ, ಒಡೆಯುತ್ತಾರೆ. ಒಡೆಯುವಾಗ ಅವರು ಕಂಡಕ್ಟರ್ ಯಾರು, ಮಾಲಕ ಯಾರು ಎಂದು ಕೇಳುವುದಿಲ್ಲ. ಹೋಗುವುದು ನಿಮ್ಮ ತಗಡು, ನಿಮ್ಮ ಭಟ್ಟಿ.

ಆದುದರಿಂದ ದುಡ್ಡು ಕೊಡುವ ಮುನ್ನ ಇಷ್ಟನ್ನು ನೋಡಿ. ನಗರ ಭೂಮಾಪನ ಕಚೇರಿಯ ಪ್ರಾಪರ್ಟಿ ಕಾರ್ಡಿನಲ್ಲಿ ಯಾರ ಹೆಸರಿದೆ? ಮಂಜೂರಾದ ನಕ್ಷೆಯಲ್ಲಿ ಆ ಕೋಣೆಯನ್ನು ಅಂಗಡಿ ಎಂದು ತೋರಿಸಿದೆಯೆ? ಭೋಗವಟಾ ಪತ್ರ ಸಿಕ್ಕಿದೆಯೆ? ವಿಕಾಸ ಯೋಜನೆಯಲ್ಲಿ ಜಾಗ ಯಾವ ವಲಯದಲ್ಲಿದೆ. ರಸ್ತೆ ಅಗಲಿಕೆಗೋ ಶಾಲೆಗೋ ಮೀಸಲಾಗಿದೆಯೆ? ಪುಣೆಯ ಹಳೆಯ ಹದ್ದಿಗೆ 1987ರಲ್ಲಿ ಮಂಜೂರಾದ ಯೋಜನೆ ಇತ್ತು. ಆ ಬಳಿಕ 2017ರಲ್ಲಿ ಹೊಸದು ಮಂಜೂರಾಯಿತು. 2020ರ ಡಿಸೆಂಬರಿನಲ್ಲಿ ಮುಂಬಯಿ ಬಿಟ್ಟು ರಾಜ್ಯದ ಬಹುಭಾಗಕ್ಕೆ ಒಂದೇ ಕಟ್ಟಡ ನಿಯಮಾವಳಿ ಬಂದಿತು. ಹಳೆಯ ಕಾಲದಲ್ಲಿ ನಡೆದಿತ್ತು ಎಂಬುದು ಇಂದಿನ ಉತ್ತರವಾಗದು.

ಗಿರಣಿಯ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೆಲದ ಉಪಯೋಗ ಎಂಬ ಎರಡು ಶಬ್ದ ಎಷ್ಟು ಮನೆಗಳ ಒಲೆ ಆರಿಸಬಲ್ಲುದೆಂದು ಅವರು ಕಂಡಿದ್ದಾರೆ. ಮುಂಬಯಿಯಲ್ಲಿ 1982ರ ಜನವರಿ 18ರಂದು ದೊಡ್ಡ ಮುಷ್ಕರ ಆರಂಭವಾಯಿತು. ಅನೇಕ ಗಿರಣಿಗಳು ಮತ್ತೆ ಸರಿಯಾಗಿ ತಿರುಗಲೇ ಇಲ್ಲ. 1991ರ ನಿಯಮವು ಗಿರಣಿ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದಾದರೆ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲಕನಿಗೆ ಎಂದಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಹಂಚಿದರೆ ಸಾಕು ಎಂದು ಮಾಡಿದರು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದು ನಿಯಮದ ಕೆಲವು ಶಬ್ದ ಬದಲಾದುದಕ್ಕೆ ಬಯಲೂ ವಸತಿಯೂ ಕುಗ್ಗಿದವು. ಇಲ್ಲಿ ಪುಣೆ ನಿಲ್ದಾಣದ ಹತ್ತಿರದ ರಾಜಾ ಬಹಾದೂರ್ ಗಿರಣಿಯ ಆವರಣದಲ್ಲಿಯೂ ಇಂದು ನೂಲಿನ ಸದ್ದಿಲ್ಲ, ಊಟತಿಂಡಿಯ ದೊಡ್ಡ ಮಳಿಗೆಗಳಿವೆ. ಅಪ್ಪ ನೂಲು ತೆಗೆದಂಥ ನೆಲದ ಮೇಲೆ ಮಗ ತಟ್ಟೆ ಎತ್ತುವ ಕಾಲ ಇದು.

ಊರಾಚೆಯ ಗುಂಠೆಯ ಬಗ್ಗೆ ಎರಡು ಮಾತು. ಗುಂಠೆಯೆಂದರೆ ಎಕರೆಯ ನಲವತ್ತನೆಯ ಒಂದು ಭಾಗ, 1089 ಚದರಡಿ. ಮಹಾರಾಷ್ಟ್ರದಲ್ಲಿ ಸಾಗುವಳಿಯ ಭೂಮಿಯನ್ನು ಸಾಮಾನ್ಯವಾಗಿ ಕೃಷಿಕನಲ್ಲದವನು ಅನುಮತಿಯಿಲ್ಲದೆ ಕೊಳ್ಳಲಾರ. ತುಂಡು ಮಾಡಿ ಮಾರುವುದಕ್ಕೂ 1947ರಿಂದ ಕಾನೂನಿನ ಕಟ್ಟುಗಳಿವೆ. ಸಕ್ರಮಗೊಳಿಸಲು 2001ರಲ್ಲಿ ಗುಂಠೆವಾರಿ ಕಾನೂನು ಬಂದುದು ನಿಜ. ನಿಯಮಗಳು ಆಗಾಗ ಸಡಿಲವಾದುದೂ ನಿಜ. ನಿಮ್ಮ ತುಂಡಿಗೆ ಅದು ಸಲ್ಲುತ್ತದೆಯೆ ಎಂಬುದನ್ನು ದುಡ್ಡು ಕೊಡುವ ಮುನ್ನ ಕೇಳಬೇಕು. ಸಾತ್-ಬಾರಾ ಪತ್ರಿಕೆಯಲ್ಲಿ ನಿಮ್ಮ ಹೆಸರು ಏರದೆ, ಸ್ಟಾಂಪ್ ಕಾಗದದ ಮೇಲೆ ನೋಟರಿಯ ಮುದ್ರೆ ಹಾಕಿಸಿಕೊಂಡರೆ ಅದು ಖರೀದಿಯಾಗುವುದಿಲ್ಲ.

ಕೊನೆಯದಾಗಿ, ಯಾರ ಬಳಿ ಹೋಗಬೇಕು? ಕೋರ್ಟು ಹತ್ತಿದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯಿಂದ ನಾವು ವಕೀಲರೆಂದರೆ ದೂರ ಓಡುತ್ತೇವೆ. ಆದರೆ ವಕೀಲರು ಜಗಳವಾದ ಮೇಲೆ ಮಾತ್ರ ಬೇಕಾದವರಲ್ಲ. ಐದು ಲಕ್ಷದ ಕಾಗದಕ್ಕೆ ಸಹಿ ಹಾಕುವ ಮುನ್ನ ಕೆಲವು ಸಾವಿರ ಕೊಟ್ಟು ಅದನ್ನು ಓದಿಸಿದರೆ ಅದು ಖರ್ಚಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಎಷ್ಟು ಕೊಟ್ಟರೂ ಸಾಲದು. ಒಂದು ಎಚ್ಚರಿಕೆ: ಎದುರಿನವರು ಕರೆತಂದ ವಕೀಲರು ಎಷ್ಟೇ ಸಜ್ಜನರಾದರೂ ಅವರ ವಕೀಲರು. ನಿಮ್ಮವರು ಬೇರೆ ಇರಲಿ.

ದುಡ್ಡಿಲ್ಲದವರಿಗೂ ದಾರಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾನೂನಿನ ಹನ್ನೆರಡನೆಯ ಕಲಮನ್ನು ತೆಗೆದು ನೋಡಿ. ಉಚಿತ ವಕೀಲರನ್ನು ಪಡೆಯುವವರ ಪಟ್ಟಿಯಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರ ಜತೆಗೆ ಔದ್ಯೋಗಿಕ ಕಾರ್ಮಿಕ ಎಂಬ ಶಬ್ದ ಸ್ಪಷ್ಟವಾಗಿದೆ. ಇದು ಭಿಕ್ಷೆಯಲ್ಲ, ನಮ್ಮ ಹೆಸರೇ ಬರೆದ ಹಕ್ಕು. ಅದಲ್ಲದೆ ಆದಾಯ ಮಿತಿಯೊಳಗಿನ ಯಾರೇ ಆದರೂ ಕೇಳಬಹುದು. ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ದಾರಿ ತಿಳಿಸುತ್ತಾರೆ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ವ್ಯಾಜ್ಯ ಮುಗಿಸಬಹುದು. ಕಟ್ಟಿದ ಕೋರ್ಟು ಫೀಯೂ ಮರಳುತ್ತದೆ. ಆದರೆ ಅಲ್ಲಿಯ ನಿರ್ಣಯದ ಮೇಲೆ ಅಪೀಲಿಲ್ಲ. ಒಪ್ಪುವ ಮುನ್ನ ಚೆನ್ನಾಗಿ ಯೋಚಿಸಬೇಕು.

ಭಾಷೆಯ ಮಾತೂ ಇದೆ. ಮರಾಠಿ ಈ ನಾಡಿನ ಭಾಷೆ. ಅನ್ನ ಕೊಟ್ಟ ನಾಡಿನ ಭಾಷೆಯನ್ನು ಓದಲು ಕಲಿಯೋಣ. ಕಲಿಯುವವರೆಗೆ, ಕಾಗದವನ್ನು ನಂಬಿಕೆಯವರಿಂದ ಓದಿಸಿ ಕೇಳಿ, “ಇದನ್ನು ನನಗೆ ಕನ್ನಡದಲ್ಲಿ ಓದಿ ತಿಳಿಸಲಾಗಿದೆ” ಎಂದು ಬರೆಸಿ, ಓದಿ ಹೇಳಿದವರ ಸಹಿಯನ್ನೂ ಹಾಕಿಸಿ, ಆ ಬಳಿಕ ನೀವು ಸಹಿ ಹಾಕಿ. ಒಂದು ನಕಲು ಕೈಗೆ ಬಾರದೆ ಏಳಬೇಡಿ.

ಬಂಧುಗಳೆ, ನಾವು ಮೂವರಲ್ಲಿ ಒಬ್ಬನು ಊರಿಗೆ ಹೋಗಿ ಅಡವಿಟ್ಟ ಗದ್ದೆಯಲ್ಲೇ ಕೂಲಿ ಮಾಡಿ ಅದನ್ನು ಬಿಡಿಸಿಕೊಂಡ. ಒಬ್ಬನು ಈಗಿಲ್ಲ. ಉಳಿದವರು ಮತ್ತೊಬ್ಬರ ಗಲ್ಲೆಯಲ್ಲಿ ಕೂತಿದ್ದೇವೆ. ವಾರದ ರಜೆಯ ದಿನ ಸಂಘದ ಕೋಣೆಯಲ್ಲಿ, ಬಂದವರ ನೋಟೀಸು, ಕರಾರುಗಳನ್ನು ಓದಿ ಹೇಳುತ್ತೇವೆ. ಮರಾಠಿ ಈಗ ಬರುತ್ತದೆ, ತಡವಾಗಿ ಕಲಿತೆವು. ನಾವು ವಕೀಲರಲ್ಲ. ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು ಎಂಬಷ್ಟನ್ನು ಮಾತ್ರ ಹೇಳಬಲ್ಲೆವು.

ಹೋಟೆಲು ಹಿಡಿಯಿರಿ, ಅಂಗಡಿ ಇಡಿರಿ, ಬೇಡವೆನ್ನುವುದಿಲ್ಲ. ಧಣಿಗಳಿಗೆ ನಿಷ್ಠೆಯಿಂದಿರಿ, ಅದೂ ನಮ್ಮ ಗುಣವೇ. ಆದರೆ ಯಾರಿಗಾಗಿಯೂ ಕಟಕಟೆಯಲ್ಲಿ ನಿಂತು ಇಲ್ಲದ್ದನ್ನು ಹೇಳಬೇಡಿ. ಕೊಟ್ಟ ದುಡ್ಡಿಗೆ ರಸೀದಿ ಕೇಳಲು ನಾಚಬೇಡಿ. ನಾಳೆ ಯಾರ ಕೈಯಲ್ಲಾದರೂ ಕರಾರು ಬಂದರೆ, ಸಹಿ ಹಾಕುವ ಮುನ್ನ ಒಮ್ಮೆ ಸಂಘದ ಮೆಟ್ಟಿಲು ಹತ್ತಿ ಬನ್ನಿ. ಚಹ ನಮ್ಮದು.